ವಾರಕ್ಕೊಮ್ಮೆ ಗಾಳಿ ಕೇಳುವ ಬೈಕ್ ಟೈರು: ಸೋರುವ ಜಾಗ ಹಿಡಿಯುವುದು ಹೀಗೆ

ಠುಸ್ ಎಂದು ಒಮ್ಮೆಲೇ ಕುಳಿತುಬಿಡುವ ಟೈರು ಎಷ್ಟೋ ವಾಸಿ. ಮೊಳೆ ಕಣ್ಣಿಗೆ ಕಾಣುತ್ತದೆ, ಪಂಕ್ಚರ್ ಹಾಕಿಸಿದರೆ ಮುಗಿಯಿತು. ಜೀವ ಹಿಂಡುವುದು ಸೋಮವಾರ ಗಾಳಿ ಹೊಡೆಸಿದರೆ ಶನಿವಾರಕ್ಕೆ ಮೆತ್ತಗಾಗುವ ಟೈರು. ನನ್ನ ಗೆಳೆಯನೊಬ್ಬ ನಾಲ್ಕು ತಿಂಗಳು ಗಾಳಿ ಹೊಡೆಸಿದ, ಆಮೇಲೆ ಒಳಗಿನಿಂದ ತೂತು ಮುಚ್ಚುವ ಜೆಲ್ ತುಂಬಿಸಿದ, ಕೊನೆಗೆ ರೋಸಿಹೋಗಿ ಹೊಸ ಟೈರನ್ನೇ ಹಾಕಿಸಿದ. ಹೊಸ ಟೈರೂ ಶನಿವಾರಕ್ಕೆ ಸರಿಯಾಗಿ ಇಳಿಯಿತು! ಗಾಳಿ ಹೋಗುತ್ತಿದ್ದುದು ವಾಲ್ವ್ ಪಿನ್ನಿನಿಂದ, ಅಂದರೆ ಗಾಳಿ ಹೊಡೆಯುವ ನಳಿಕೆಯೊಳಗೆ ಗಾಳಿಯನ್ನು ತಡೆದಿಡುವ ಪಿನ್ನಿನಿಂದ. ಟೈರು ಬದಲಿಸಿದವರು ಹಳೇ ವಾಲ್ವನ್ನು ಹಾಗೇ ಬಿಟ್ಟಿದ್ದರು. ಬೆಂಕಿಕಡ್ಡಿಗಿಂತ ಗಿಡ್ಡದ ಆ ಪಿನ್ ಮೊದಲ ದಿನವೇ ಬದಲಿಸಿದ್ದರೆ ಐದು ನಿಮಿಷದ ಕೆಲಸ.

ಆದ್ದರಿಂದ ತೂತು ಎಲ್ಲಿದೆ ಎಂದು ಗೊತ್ತಾಗುವವರೆಗೆ ಒಂದು ಪೈಸೆಯನ್ನೂ ಬಿಚ್ಚಬೇಡಿ.

ಮೊದಲು ಅಳೆಯಿರಿ

ಎಲ್ಲ ಟೈರೂ ಸ್ವಲ್ಪ ಇಳಿಯುತ್ತದೆ. ಗಾಳಿ ರಬ್ಬರಿನ ಮೂಲಕವೇ ನಿಧಾನವಾಗಿ ಹೊರಹೋಗುವುದರಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚಳಿಯೂ ಆಟವಾಡಿಸುತ್ತದೆ: ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ತಾನಾಗಿ ಇಳಿಯುತ್ತದೆ. ಹಾಗಾಗಿ ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ, ಪ್ರತಿಸಲವೂ ಒಂದೇ ಗೇಜ್‌ನಿಂದ ಅಳೆದು ಬರೆದಿಡಿ. ಎಷ್ಟಿರಬೇಕು ಎಂಬುದು ಗಾಡಿಯ ಕೈಪಿಡಿಯಲ್ಲೋ ಚೈನ್ ಕವರ್ ಬಳಿಯ ಸ್ಟಿಕ್ಕರಿನಲ್ಲೋ ಇರುತ್ತದೆ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ. ಅದನ್ನೇ ನೋಡಿ ಗಾಳಿ ತುಂಬಿಸಿಕೊಂಡು ಕುಲುಕಾಡುತ್ತಾ ಹೋಗುವವರನ್ನು ನೋಡಿದ್ದೇನೆ.

ಸೋಪಿನ ನೀರು: ಎಲ್ಲರೂ ಎಡವುವುದು ಇಲ್ಲೇ

ಇದು ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬ್ ಇಲ್ಲದ ಟೈರಿನ ಮಾತು; ಟ್ಯೂಬ್ ಇರುವುದರ ಬಗ್ಗೆ ಕೊನೆಯಲ್ಲಿ ಹೇಳಿದ್ದೇನೆ. ಸೋಪುನೀರು ಹಾಕಿ ನೋಡಿದೆ, ಏನೂ ಕಾಣಲಿಲ್ಲ ಎನ್ನುವವರು ಸಾಮಾನ್ಯವಾಗಿ ಒಂದು ಮಗ್ ನೀರು ಸುರಿದು ಅರ್ಧ ನಿಮಿಷ ನೋಡಿ ಎದ್ದವರು. ವಾರಕ್ಕೆ ಐದಾರು ಪಿಎಸ್‌ಐ ಕಳೆಯುವ ತೂತಿನಿಂದ ಗುಳ್ಳೆ ಬುಳಬುಳನೆ ಬರುವುದಿಲ್ಲ. ಬರುವುದು ಸಾಸಿವೆಗಿಂತ ಸಣ್ಣ ಬಿಳಿ ನೊರೆ, ಅದೂ ಎರಡು ಮೂರು ನಿಮಿಷ ಕಾದ ಮೇಲೆ.

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಟೈರು ತೊಳೆದು ಒಣಗಿಸಿ. ಕೆಸರಿನ ಮೇಲೆ ನೊರೆ ಸುಳ್ಳು ಹೇಳುತ್ತದೆ. ನಿಗದಿಗಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ ತುಂಬಿ, ಪಕ್ಕೆಯ ಮೇಲಿನ ಮಿತಿ ದಾಟದಂತೆ. ಪಾತ್ರೆ ತೊಳೆಯುವ ದ್ರವಕ್ಕೆ ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಕೊಳ್ಳಿ. ಬಾಟಲಿ ಕುಲುಕಬೇಡಿ, ಮೊದಲೇ ನೊರೆ ಎದ್ದರೆ ಯಾವುದು ತೂತಿನದು ಯಾವುದು ನಿಮ್ಮದು ಎಂದು ತಿಳಿಯದು.

ವಾಲ್ವಿನಿಂದ ಶುರು ಮಾಡಿ. ಕ್ಯಾಪ್ ತೆಗೆದು ಬಾಯಿಗೆ ಒಂದು ಹನಿ ಸೋಪುನೀರು ಬಿಡಿ. ಹನಿ ಉಬ್ಬಿ ಗುಮ್ಮಟವಾದರೆ ಪಿನ್ ಸೋರುತ್ತಿದೆ. ಎಂಜಲು ಹಚ್ಚಿದರೂ ನಡೆಯುತ್ತದೆ, ಆದರೆ ಎಂಜಲು ಬೇಗ ಆರುತ್ತದೆ, ನಿಧಾನದ ಸೋರಿಕೆ ತಪ್ಪಿಸಿಕೊಳ್ಳುತ್ತದೆ. ಮುಂದೆ ವಾಲ್ವಿನ ಬುಡಕ್ಕೆ ನೀರು ಹೊಡೆದು, ರಬ್ಬರ್ ವಾಲ್ವಾದರೆ ಅದನ್ನು ಬೆರಳಿನಿಂದ ನಾಲ್ಕೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಗ್ಗಿಸಿದಾಗ ಬಾಯಿ ಬಿಡುತ್ತದೆ.

ಆಮೇಲೆ ಟೈರಿನ ನೆಲ ಮುಟ್ಟುವ ಭಾಗ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಂಡು, ಒಂದೊಂದು ಗೇಣಿಗೆ ಚಕ್ರ ನಿಲ್ಲಿಸಿ, ನೀರು ಹೊಡೆದು, ಕಾದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತಾ ಬನ್ನಿ. ನನ್ನ ಹಿಂದಿನ ಟೈರಿನಲ್ಲಿ ಮೂರನೇ ಸುತ್ತಿಗೆ ಸಿಕ್ಕಿದ್ದು ಕೂದಲಿನಷ್ಟು ತೆಳ್ಳಗಿನ ಉಕ್ಕಿನ ತಂತಿ. ರಬ್ಬರಿನ ಒಳಗೆ ಪೂರ್ತಿ ಮುಳುಗಿತ್ತು, ಬೆರಳಾಡಿಸಿದರೂ ತಾಗುತ್ತಿರಲಿಲ್ಲ. ನೊರೆಯ ಚುಕ್ಕಿ ಮಾತ್ರ ಒರೆಸಿದಷ್ಟೂ ಅದೇ ಜಾಗದಲ್ಲಿ ಏಳುತ್ತಿತ್ತು. ಹಳೇ ಪಂಕ್ಚರ್‌ಗಳ ಮೇಲೂ ನೀರು ಹೊಡೆಯಿರಿ. ಎಷ್ಟೋ ಸಲ ಕಳ್ಳ ಅಲ್ಲೇ ಅಡಗಿರುತ್ತಾನೆ.

ಕೊನೆಗೆ ರಿಮ್ ಅಂಚು, ಎರಡೂ ಪಕ್ಕ. ಇಲ್ಲಿ ನೊರೆ ಒಂದು ಚುಕ್ಕಿಯಾಗಿರದೆ ನಾಲ್ಕೈದು ಬೆರಳಗಲ ಹರಡಿರುತ್ತದೆ.

ಏನೋ ಚುಚ್ಚಿಕೊಂಡಿರುವುದು ಕಂಡ ಕೂಡಲೇ ಕೀಳುವ ಚಪಲ ಬರುತ್ತದೆ. ತಡೆದುಕೊಳ್ಳಿ. ಗುರುತು ಹಾಕಿ, ರಿಪೇರಿ ಸಾಮಾನು ಕೈಯಲ್ಲಿದ್ದಾಗ ಮಾತ್ರ ಕೀಳಿ. ನಿಧಾನವಾಗಿ ಸೋರುವ ಟೈರಿನಲ್ಲಿ ಮೆಕ್ಯಾನಿಕ್ ಹತ್ತಿರ ಹೋಗಬಹುದು, ಮೊಳೆ ಕಿತ್ತ ಟೈರಿನಲ್ಲಿ ಗಾಡಿ ತಳ್ಳಬೇಕಾಗುತ್ತದೆ.

ಸಿಕ್ಕ ಮೇಲೆ

ಪಿನ್ ಸೋರಿದರೆ ಪಿನ್ ಕೀಲಿಯಿಂದ ಕಾಲು ಸುತ್ತು ಬಿಗಿ ಮಾಡಿ ನೋಡಿ, ನಿಲ್ಲದಿದ್ದರೆ ಹೊಸದು ಹಾಕಿ. ಬಲ ಪ್ರಯೋಗ ಬೇಡ, ಅದರ ವಾಷರ್ ಪುಟ್ಟ ರಬ್ಬರು. ಒಳಗೆ ವಾಷರ್ ಇರುವ ಗಟ್ಟಿ ಕ್ಯಾಪ್ ಒಂದನ್ನು ಹಾಕಿಬಿಡಿ. ಬುಡ ಬಿರುಕು ಬಿಟ್ಟಿದ್ದರೆ ವಾಲ್ವ್ ಪೂರ್ತಿ ಬದಲಿಸಬೇಕು. ಟ್ಯೂಬ್‌ಲೆಸ್ ಟೈರು ಬದಲಿಸಿದಾಗೆಲ್ಲ ವಾಲ್ವನ್ನೂ ಬದಲಿಸಿ ಎಂದು ಕೇಳಿ ಮಾಡಿಸಿಕೊಳ್ಳಿ. ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ನೆಲ ಮುಟ್ಟುವ ಭಾಗದ ಮಧ್ಯದಲ್ಲಿ ತೂತಾಗಿದ್ದರೆ ಪ್ಲಗ್, ಅಂದರೆ ತೂತಿಗೆ ತುರುಕುವ ಅಂಟು ಹುರಿ. ಮೊಳೆ ಯಾವ ಕೋನದಲ್ಲಿ ಹೊಕ್ಕಿತ್ತೋ ಅದೇ ಕೋನದಲ್ಲಿ ತೂತು ಉಜ್ಜುವ ಅರ ಹಾಕಬೇಕು. ನೇರವಾಗಿ ತಿವಿದರೆ ಒಂದರ ಬದಲು ಎರಡು ದಾರಿ ಆಗುತ್ತದೆ; ಹಾಕಿದ ಪ್ಲಗ್ಗೇ ಆಮೇಲೆ ಸೋರುವುದಕ್ಕೆ ಇದೂ ಒಂದು ಕಾರಣ. ಅಂಟು ಸವರಿದ ಹುರಿಯನ್ನು ಒಂದೂವರೆ ಸೆಂಟಿಮೀಟರ್ ಹೊರಗುಳಿಯುವಷ್ಟು ತಳ್ಳಿ, ಉಪಕರಣವನ್ನು ತಿರುಚದೆ ಒಮ್ಮೆಲೇ ಎಳೆಯಿರಿ. ಬಾಲವನ್ನು ಟೈರಿಗೆ ಸಮವಾಗಿ ಹೆರೆಯದೆ ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ. ದೂರದ ಓಟ, ಹೆಚ್ಚು ವೇಗ ಇದ್ದರೆ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸುವುದೇ ಸರಿ. ಪಕ್ಕೆಯಲ್ಲಿ ತೂತಾಗಿದ್ದರೆ ಯಾವ ಪ್ಲಗ್ಗೂ ಬೇಡ, ಟೈರು ಬದಲಿಸಿ.

ರಿಮ್ ಅಂಚಿನಲ್ಲಿ ಸೋರುವುದಕ್ಕೆ ತುಕ್ಕು, ಎದ್ದ ಬಣ್ಣ, ಅಲಾಯ್ ಮೇಲೆ ಕಟ್ಟುವ ಬಿಳಿ ಪುಡಿ ಕಾರಣ. ಟೈರು ಬಿಚ್ಚಿಸಿ, ಅಂಚನ್ನು ಉಜ್ಜಿ ನುಣ್ಣಗೆ ಮಾಡಿ, ಸೋಪುನೀರು ಹಚ್ಚಿ ಕೂರಿಸಬೇಕು. ಗ್ರೀಸ್ ಹಚ್ಚುವವರ ಕೈಗೆ ಗಾಡಿ ಕೊಡಬೇಡಿ. ಗುಂಡಿಗೆ ಬಿದ್ದ ಮೇಲೆ ಸೋರಿಕೆ ಶುರುವಾಗಿದ್ದರೆ ಚಕ್ರ ತಿರುಗಿಸಿ ರಿಮ್ ಸೊಟ್ಟಗಿದೆಯೇ ನೋಡಿ. ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿ ಓಡಿಸುವ ಧೈರ್ಯ ನನಗಿಲ್ಲ.

ಜೆಲ್ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ನಡುದಾರಿಯಲ್ಲಿ ಮನೆ ಸೇರಿಸಲು ಅದು ಸಾಕು. ಆದರೆ ವಾಲ್ವಿನ ಬಾಯಿ ಕಟ್ಟುತ್ತದೆ, ಚಕ್ರದ ತೂಕ ಏರುಪೇರಾಗುತ್ತದೆ, ಮುಂದೆ ಪ್ಯಾಚ್ ಹಾಕುವವನು ಒಳಗಿನ ಲೋಳೆ ಬಳಿಯುತ್ತಾ ನಿಮ್ಮನ್ನು ಶಪಿಸುತ್ತಾನೆ. ನೈಟ್ರೋಜನ್ ತುಂಬಿಸಿದರೆ ಇಳಿಯುವುದಿಲ್ಲ ಎಂಬುದನ್ನೂ ನಂಬಬೇಡಿ. ನಾವು ಹೊಡೆಸುವ ಮಾಮೂಲಿ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ, ತೂತಿದ್ದರೆ ನೈಟ್ರೋಜನ್ನೂ ಹೋಗುತ್ತದೆ.

ಟ್ಯೂಬ್ ಇರುವ ಟೈರಾದರೆ

ಹೊರಗೆ ಸೋಪುನೀರು ಹೊಡೆದು ಪ್ರಯೋಜನವಿಲ್ಲ, ವಾಲ್ವ್ ಪಿನ್ ಒಂದನ್ನು ಬಿಟ್ಟು. ಟ್ಯೂಬಿನ ತೂತಿನಿಂದ ಹೊರಟ ಗಾಳಿ ಎಲ್ಲೆಲ್ಲೋ ಹರಿದು ಚಕ್ರದ ಕಡ್ಡಿಗಳ ಬುಡದಲ್ಲಿ ಹೊರಬರುತ್ತದೆ. ಟ್ಯೂಬ್ ಹೊರತೆಗೆದು ನೀರಿನಲ್ಲಿ ಮುಳುಗಿಸಲೇಬೇಕು. ತೆಗೆಯುವ ಮೊದಲು ಟ್ಯೂಬ್ ಯಾವ ಮಗ್ಗುಲಾಗಿತ್ತು, ವಾಲ್ವ್ ಟೈರಿನ ಯಾವ ಅಕ್ಷರದ ಎದುರಿತ್ತು ಎಂದು ಗುರುತು ಮಾಡಿಕೊಳ್ಳಿ. ತೂತು ಸಿಕ್ಕಾಗ ಟ್ಯೂಬನ್ನು ಟೈರಿನ ಮೇಲೆ ಹಾಗೇ ಇಟ್ಟರೆ ಮುಳ್ಳು ಇರುವ ಜಾಗ ತಾನಾಗಿ ಗೊತ್ತಾಗುತ್ತದೆ. ತೂತು ಒಳಮೈಯಲ್ಲಿದ್ದರೆ ಅನುಮಾನ ರಿಮ್ ಟೇಪಿನ ಮೇಲೆ: ಅದು ಜರುಗಿ ಕಡ್ಡಿಯ ತುದಿ ಚುಚ್ಚುತ್ತಿರುತ್ತದೆ. ಎರಡು ತೂತು ಜೋಡಿಯಾಗಿ, ಹಾವು ಕಚ್ಚಿದಂತೆ ಇದ್ದರೆ ಗಾಳಿ ಕಡಿಮೆ ಇಟ್ಟುಕೊಂಡು ಗುಂಡಿ ಹಾರಿಸಿದ್ದೀರಿ.

ರಿಪೇರಿಯಾದ ಮೇಲೆ ಅದೇ ಗೇಜ್‌ನಿಂದ ಮರುದಿನ ಬೆಳಿಗ್ಗೆ ಒಮ್ಮೆ, ವಾರದ ನಂತರ ಒಮ್ಮೆ ಅಳೆಯಿರಿ. ತಿಂಗಳಲ್ಲಿ ಇಳಿಯಬೇಕಾದ ಒಂದೆರಡು ಪಿಎಸ್‌ಐ ವಾರದಲ್ಲೇ ಇಳಿದಿದ್ದರೆ ಸ್ಪ್ರೇ ಬಾಟಲಿ ಮತ್ತೆ ಹೊರತೆಗೆಯಿರಿ. ಒಂದೇ ಟೈರಿನಲ್ಲಿ ಎರಡು ತೂತು ಇರುವುದು ಅಪರೂಪವೇನಲ್ಲ.