ಏರ್ ಸಸ್ಪೆನ್ಷನ್ ಲೀಕು: ಹಿಂದಿನ ಬ್ಯಾಗ್ ಮನೇಲೇ ಬದಲಾಯಿಸಿದ್ದು

ನನ್ ಗಾಡೀಲಿ ಹಿಂದೆ ಸ್ಪ್ರಿಂಗ್ ಬದ್ಲು ಗಾಳಿ ತುಂಬಿದ ರಬ್ಬರ್ ಬ್ಯಾಗ್‌ಗಳೇ ಭಾರ ಹೊರೋದು. ರಾತ್ರಿ ನಿಲ್ಸಿದ ಗಾಡಿ ಬೆಳಗ್ಗೆ ನೋಡಿದ್ರೆ ಹಿಂದೆ ಎಡಗಡೆ ಕೂತ್ಬಿಟ್ಟಿರೋದು, ಸ್ಟಾರ್ಟ್ ಮಾಡಿದ್ರೆ ಬ್ಯಾಗ್‌ಗೆ ಗಾಳಿ ತುಂಬೋ ಕಂಪ್ರೆಸರ್ ಗುರ್ ಅಂತ ಬಹಳ ಹೊತ್ತು ಓಡಿ ನಿಧಾನಕ್ಕೆ ಎತ್ತೋದು. ಗ್ಯಾರೇಜಲ್ಲಿ ಕಂಪ್ರೆಸರ್ರೇ ಹೋಗಿದೆ ಅಂದ್ರು, ನಂಗ್ಯಾಕೋ ನಂಬಿಕೆ ಬರ್ಲಿಲ್ಲ. ಶಾಂಪೂ ನೀರು ಸ್ಪ್ರೇ ಮಾಡಿ ನೋಡ್ದೆ, ಬ್ಯಾಗ್ ಕೆಳಗಡೆ ರಬ್ಬರ್ ಮಡಚ್ಕೊಳ್ಳೋ ಜಾಗದಲ್ಲಿ ಸಣ್ಣ ಸಣ್ಣ ಬಿರುಕು, ಅಲ್ಲಿಂದ ಬುಳುಬುಳು ಗುಳ್ಳೆ. ಗಾಡಿ ಎತ್ತರದಲ್ಲಿದ್ದಾಗ್ಲೇ ಈ ಟೆಸ್ಟ್ ಮಾಡ್ಬೇಕು, ಗಾಳಿ ಹೋದ್ಮೇಲೆ ಗುಳ್ಳೆ ಎಲ್ಲಿಂದ ಬರತ್ತೆ!

ಸಸ್ಪೆನ್ಷನ್ ಆಫ್ ಮಾಡಿ, ಗಾಡಿನ ಸ್ಟ್ಯಾಂಡ್ ಮೇಲೆ ಕೂರಿಸಿ, ಸ್ಕ್ಯಾನರಲ್ಲಿ (ಗಾಡಿ ಕಂಪ್ಯೂಟರ್‌ಗೆ ಹಾಕಿ ಆದೇಶ ಕೊಡೋ ಸಾಧನ) ಆ ಮೂಲೆ ಗಾಳಿ ಪೂರ್ತಿ ಬಿಟ್ಟೇ ಪೈಪ್ ಬಿಚ್ಚಿದ್ದು, ಒಳಗೆ ಪ್ರೆಷರ್ ಇರೋವಾಗ ಬಿಚ್ಚಿದ್ರೆ ಮುಖಕ್ಕೇ ಹಾರತ್ತೆ. ಪೈಪ್ ತುದಿನ ಹೊಸ ಬ್ಲೇಡಲ್ಲಿ ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್‌ಗೆ ತಳ್ಳಿದೆ, ಓರೆಯಾದ್ರೆ ಅಲ್ಲೇ ಮತ್ತೆ ಲೀಕು.

ಮುಖ್ಯವಾದ್ದು ಇದು: ಖಾಲಿ ಬ್ಯಾಗ್ ಮೇಲೆ ಗಾಡಿ ಭಾರ ಬಿಡ್ಲೇಬೇಡಿ. ಮೊದ್ಲು ಒಂಚೂರು ಗಾಳಿ ತುಂಬಿಸಿ, ಮಡಿಕೆ ಸುತ್ತಲೂ ಸಮ ಬಂದಿದ್ಯಾ ಅಂತ ಟಾರ್ಚ್ ಹಾಕಿ ನೋಡಿ, ಆಮೇಲೆ ಜಾಕ್ ಇಳಿಸಿ, ಇಲ್ಲಾಂದ್ರೆ ರಬ್ಬರ್ ಒಂದ್ಕಡೆ ಸೊಟ್ಟ ಮಡಚ್ಕೊಂಡು ಹೊಸ ಬ್ಯಾಗೇ ಹರಿದುಹೋಗತ್ತೆ.

ಕಂಪ್ರೆಸರ್ ಹಳೇದೇ ಇದೆ, ಚೆನ್ನಾಗೇ ಓಡ್ತಿದೆ. ಅದಕ್ಕೆ ಕರೆಂಟ್ ಕೊಡೋ ಸ್ವಿಚ್ಚು, ಅಂದ್ರೆ ರಿಲೇ ಮಾತ್ರ ಹೊಸದು ಹಾಕ್ದೆ, ಲೀಕಿಂದ ಓವರ್‌ಟೈಮ್ ಮಾಡಿ ಮಾಡಿ ಅದರ ಕಾಂಟ್ಯಾಕ್ಟ್ ಕರಕಲಾಗಿತ್ತು.