ಕೊನೆಯಿಂದ ಮೊದಲಿಗೆ: ನನ್ನ ಐದು ಪ್ಯಾಕೆಟ್ ಕಟ್ ಹುಟ್ಟಿದ್ದು ಹೀಗೆ

ಇಸ್ಪೀಟಿನ ಡೆಕ್ ಅನ್ನು ಪ್ಯಾಕೆಟ್‌ಗಳಾಗಿ, ಅಂದರೆ ಸಣ್ಣ ಕಂತೆಗಳಾಗಿ ಬಿಡಿಸಿ, ಬೆರಳುಗಳಲ್ಲಿ ಚೆಂದವಾಗಿ ತಿರುಗಿಸಿ ಮತ್ತೆ ಮುಚ್ಚುವ ಕೈಚಳಕ ಕಾರ್ಡಿಸ್ಟ್ರಿ, ಅಂಥ ಒಂದು ವರಸೆಯೇ ಕಟ್. ಐದು ಪ್ಯಾಕೆಟ್‌ಗಳ ನನ್ನ ಕಟ್ ಕೊನೆಗೂ ನಿಂತಿದೆ. ಪೂರ್ತಿ 52 ಎಲೆಗಳಲ್ಲಿ, ಒಂದೂ ಬೀಳದೆ, ಕೈ ನೋಡದೆ ಮಾಡುತ್ತೇನೆ. ಹೆಸರು ‘ಏಡಿ’. ಡಿಸ್‌ಪ್ಲೇಯಲ್ಲಿ, ಅಂದರೆ ಎಲ್ಲ ಪ್ಯಾಕೆಟ್ ಬಿಚ್ಚಿಕೊಂಡು ಕಾಣುವ ಭಂಗಿಯಲ್ಲಿ, ಎರಡೂ ಕೈಯ ಪ್ಯಾಕೆಟ್‌ಗಳು ಏಡಿಯ ಕೊಂಡಿಗಳ ಹಾಗೆ ತೆರೆದು ನಿಲ್ಲುತ್ತವೆ, ಅದಕ್ಕೆ. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಯುವ ನನ್ನ ರೀತಿ ಹೇಳಿದಾಗ ಬೆಂಗಳೂರಿನ ಗೆಳೆಯರು ಒಪ್ಪಲಿಲ್ಲ. "ಹಿಂದಿನಿಂದ ಕಲಿತರೆ ಓಪನಿಂಗ್ ಯಾವತ್ತೂ ಬರಲ್ಲ ಗುರು" ಅಂದರು. ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಚಾರ್ಲಿಯರ್ (ಒಂದೇ ಕೈಯ ಕಟ್), ಸಿಬಿಲ್ (ಎರಡೂ ಕೈಯ ಕಟ್), ಝಡ್ ಗ್ರಿಪ್ (ಒಂದೇ ಕೈಯಲ್ಲಿ ಮೂರು ಪ್ಯಾಕೆಟ್‌ಗಳನ್ನು Z ಆಕಾರದಲ್ಲಿ ಹಿಡಿಯುವುದು) ಎಲ್ಲ ಗೊತ್ತಿರುವವರಿಗೆ ಇದು. ಜಾದೂಗಾರ ಕ್ರಿಸ್ ಕೆನರ್ ಅವರ ಸಿಬಿಲ್ 1992ರಲ್ಲಿ ಬಂತು. ಹೊಸ ಕಟ್ ಮಾಡಬೇಕು ಅಂದುಕೊಂಡವರು ಇವತ್ತಿಗೂ ಅಲ್ಲಿಂದಲೇ ಹೊರಡುತ್ತಾರೆ, ಅಲ್ವಾ? ಸಿಬಿಲ್ ಓಪನಿಂಗ್, ನಡುವೆ ಒಂದು ತಿರುವು, ಆಮೇಲೆ ಹೇಗೋ ಮುಚ್ಚೋದು. ಆ ‘ಹೇಗೋ’ದಲ್ಲೇ ನನ್ನ ಹತ್ತಾರು ಕಟ್‌ಗಳು ಸತ್ತವು. ತೆರೆಯೋದು ಚೆಂದ. ಮುಚ್ಚುವಾಗ ಒಂದು ಪ್ಯಾಕೆಟ್‌ಗೆ ಜಾಗವೇ ಇರುವುದಿಲ್ಲ, ಎಲೆ ನೆಲದ ಮೇಲೆ.

ಹಾಗಾಗಿ ಉಲ್ಟಾ ಮಾಡಿದೆ. ಮಂಚದ ಮೇಲೆ ಕೂತು ಡಿಸ್‌ಪ್ಲೇಯನ್ನು ಸುಮ್ನೆ ಜೋಡಿಸಿಕೊಂಡೆ. ಎಡಗೈ ಸ್ಟ್ರಾಡಲ್ ಗ್ರಿಪ್‌ನಲ್ಲಿ (ತೋರುಬೆರಳು, ಕಿರುಬೆರಳು ಎಲೆಯ ಎರಡು ತುದಿಗೆ ಬರುವ ಹಿಡಿತ) ಎರಡು ಪ್ಯಾಕೆಟ್, ಬಲಗೈ ಝಡ್ ಗ್ರಿಪ್‌ನಲ್ಲಿ ಮೂರು. ನೋಡಲು ಚೆಂದ ಕಾಣುವವರೆಗೆ ಬೆರಳು ಸರಿಸಿದೆ. ಮೊದಲು ಕೊನೆಯ ಹೆಜ್ಜೆ ಮಾತ್ರ ಕಲಿತೆ, ಅಂದರೆ ಕೊನೆಯ ಪ್ಯಾಕೆಟ್ ಕೂತು ಡೆಕ್ ಚೌಕವಾಗುವ ಹೆಜ್ಜೆ. ಅದು ಕೈಗೆ ಹತ್ತಿದ ಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ಹೀಗೆ ಕಲಿತರೆ ಪ್ರತಿ ಸಲವೂ ಗೊತ್ತಿಲ್ಲದ ಕಡೆಯಿಂದ ಗೊತ್ತಿರುವ ಕಡೆಗೆ ಬರುತ್ತೀರಿ. ಕೈ ಹೆದರುವುದಿಲ್ಲ.

ಗೆಳೆಯರ ಮಾತಿನಲ್ಲಿ ಒಂದು ಸತ್ಯ ಇತ್ತು. ಮುಚ್ಚುವಾಗ ಪ್ಯಾಕೆಟ್ ತನ್ನ ತೂಕಕ್ಕೆ ತಾನೇ ಬೀಳುತ್ತದೆ, ತೆರೆಯುವಾಗ ಬೆರಳೇ ಅದನ್ನು ಬಿಡಿಸಿ ಎತ್ತಬೇಕು. ಮುಚ್ಚಿದ್ದನ್ನು ಹಾಗೇ ತಿರುಗಿಸಿದರೆ ಓಪನಿಂಗ್ ಆಗೋದಿಲ್ಲ. ನಾನು ಮಾಡಿದ್ದು ಇಷ್ಟೇ: ಕ್ಲೋಸಿಂಗ್‌ನ ವಿಡಿಯೊ ಮೊಬೈಲಿನಲ್ಲಿ ತೆಗೆದು ಹಿಂದುಮುಂದಾಗಿ ಓಡಿಸಿ, ಯಾವ ಬೆರಳು ಕೆಲಸ ಇಲ್ಲದೆ ಕೂತಿದೆ ಅಂತ ನೋಡಿದೆ. ಎಡಗೈಯ ಉಂಗುರ ಬೆರಳು ಖಾಲಿ ಇತ್ತು. ಮೊದಲ ಬ್ರೇಕ್, ಅಂದರೆ ಎಲೆಗಳ ನಡುವೆ ಬೆರಳು ಹಿಡಿದಿಡುವ ಸಣ್ಣ ಸಂದು, ಎಲ್ಲರ ಹಾಗೆ ಕಿರುಬೆರಳಿನದು. ಎರಡನೇ ಬ್ರೇಕ್ ಆ ಉಂಗುರ ಬೆರಳಿನದು. ಅದನ್ನು ಹೇಗೆ ಹಿಡಿಯುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸಿಬಿಲ್ ಚೆನ್ನಾಗಿ ಬರುವವರು ಒಂದು ವಾರ ಕೂತರೆ ಸಿಕ್ಕಿಬಿಡುತ್ತದೆ.

ಇನ್ನೊಂದು ವಿಷಯಕ್ಕೂ ವಾದ ಆಯ್ತು. ನಾನು ಮೂವತ್ತು ಚಿಲ್ಲರೆ ಎಲೆಗಳಿಂದ ಶುರು ಮಾಡಿ, ಕೈ ಒಗ್ಗಿದ ಹಾಗೆ ನಾಲ್ಕೈದು ಎಲೆ ಸೇರಿಸುತ್ತಾ ಹೋದೆ. ಪೂರ್ತಿ ಡೆಕ್ ಒಂದೂವರೆ ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ದಪ್ಪ. ನನ್ನ ಬೆರಳು ಗಿಡ್ಡ. ಎರಡೂವರೆ ಇಂಚು ಅಗಲದ ಎಲೆಯಲ್ಲಿ ಮೂರು ಪ್ಯಾಕೆಟ್ ಹಿಡಿಯುವುದು ಮೊದಲ ದಿನವೇ ಆಗುವ ಮಾತಲ್ಲ. "ಹೀಗೆ ಮಾಡಿದರೆ ಕೈ ತಪ್ಪು ದಪ್ಪಕ್ಕೆ ಒಗ್ಗುತ್ತೆ" ಅಂದರು. ಒಗ್ಗಲಿಲ್ಲ, ಬೆರಳು ಮೆಲ್ಲಗೆ ಅಗಲವಾಯ್ತು ಅಷ್ಟೆ.

ಈಗ ದುಡ್ಡಿನ ಮಾತು. ಮಂಗಳೂರಿನ ಮಳೆಗಾಲದಲ್ಲಿ ಕಾಗದದ ಡೆಕ್ ಉಳಿಸುವುದು ಕಟ್ ಕಲಿಯೋದಕ್ಕಿಂತ ಕಷ್ಟ. ತೇವ ಕುಡಿದು ಎಲೆ ಬಾಗುತ್ತದೆ, ಐದಾರು ಒಟ್ಟಿಗೆ ಅಂಟುತ್ತವೆ, ಬೀಸಣಿಗೆಯ ಹಾಗೆ ಹರಡಿದರೆ ಗುಂಪುಗುಂಪಾಗಿ ಬರುತ್ತವೆ. ಐನೂರು ಆರುನೂರು ರೂಪಾಯಿಯ ಹೊರದೇಶದ ಡೆಕ್ ಜೂನ್‌ನಲ್ಲಿ ಮೂರು ವಾರ ಬಂದರೆ ಹೆಚ್ಚು. ಒಂದು ವರ್ಷ ಏನಿಲ್ಲ ಅಂದರೂ ಎಂಟೊಂಬತ್ತು ಸಾವಿರ ಹೋಯ್ತು. ಟಾಲ್ಕಂ ಪೌಡರ್ ಹಾಕಿದೆ, ಎರಡು ದಿನ ಜಾರಿತು, ಮೂರನೇ ದಿನ ಬೆರಳಿನ ಬೆವರಿಗೆ ಮುದ್ದೆಯಾಯ್ತು. ಪ್ಲಾಸ್ಟಿಕ್ ಎಲೆ ತಂದೆ. ತೇವಕ್ಕೆ ಜಗ್ಗಲ್ಲ, ಆದರೆ ವಿಪರೀತ ಜಾರುತ್ತದೆ. ಝಡ್ ಗ್ರಿಪ್‌ನ ನಡುವಿನ ಪ್ಯಾಕೆಟ್ ನಿಲ್ಲೋದೇ ಇಲ್ಲ. ಒಲೆಯ ಹತ್ತಿರ ಇಟ್ಟೆ, ಇನ್ನೊಂದು ಕಡೆಗೆ ಬಾಗಿತು. ಕೊನೆಗೆ ಉಳಿಸಿದ್ದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಮತ್ತು ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಅಭ್ಯಾಸಕ್ಕೆ ಬಂದರಿನ ಸಗಟು ಅಂಗಡಿಯಿಂದ ಐವತ್ತು ಅರವತ್ತು ರೂಪಾಯಿಯ ರಮ್ಮಿ ಎಲೆ ತರುತ್ತೇನೆ. ಗಡಸು ಎಲೆಯಲ್ಲಿ ಬಂದ ಕಟ್ ಒಳ್ಳೆಯ ಡೆಕ್‌ನಲ್ಲಿ ಇನ್ನೂ ಸಲೀಸು. ಕಾರ್ಡಿಸ್ಟ್ರಿಗೆಂದೇ ಸಿಂಗಾಪುರದ ವರ್ಟ್ಸ್ ತಂಡ 2012ರಲ್ಲಿ ತಂದ ವರ್ಚುಯೊಸೊ ಡೆಕ್ ನನಗೂ ಇಷ್ಟ. ತಿರುಗುವಾಗ ಅದರ ಬೆನ್ನಿನ ಗೆರೆಗಳು ಕಾಣುವ ರೀತಿಯೇ ಬೇರೆ. ಆದರೆ ಅದನ್ನು ವಿಡಿಯೊಗೆ ಮಾತ್ರ ತೆಗೆಯಿರಿ.

ನಡುವೆ ಇಡೀ ಕಟ್ ಅನ್ನು ಕೈ ಬದಲಿಸಿ ಮಾಡಿ ನೋಡಿದೆ. ಪೂರ್ತಿ ಬರಲಿಲ್ಲ. ಆದರೆ ಹಾಗೆ ಒದ್ದಾಡಿದ ಮೇಲೆ ಮಾಮೂಲಿ ಕೈಯ ವೇಗ ಹೆಚ್ಚಿತು, ಕಾರಣ ಏನೋ, ನೀವೂ ಮಾಡಿ ನೋಡಿ. ಆರನೇ ಪ್ಯಾಕೆಟ್‌ಗೆ ಬಲಗೈ ಕಿರುಬೆರಳಿನಲ್ಲಿ ಜಾಗ ಸಿಕ್ಕಿದೆ. ಎಲೆ ಮೂವತ್ತೈದರ ಒಳಗಿದ್ದರೆ ನಿಲ್ಲುತ್ತದೆ, ದಾಟಿದರೆ ಜಾರುತ್ತದೆ. ಅಂದು ಒಪ್ಪದ ಗೆಳೆಯರಲ್ಲಿ ಇಬ್ಬರು ಈಗ ಡಿಸ್‌ಪ್ಲೇಯಿಂದಲೇ ಶುರು ಮಾಡಿದ್ದಾರೆ, ಎರಡನೇ ಬ್ರೇಕ್ ಹೇಳು ಅಂತ ದಿನಾ ಮೆಸೇಜ್ ಬರುತ್ತಿದೆ. ಆರು ಪ್ಯಾಕೆಟ್ ನಿಂತ ಮೇಲೆ ಹೇಳುತ್ತೇನೆ.