ನ್ಯೂ ಕ್ರಾಸ್‌ನ 168 ಮಂದಿಯನ್ನು ನೆನೆಯುವ ಬಗೆ

ಮೊದಲು ದಿನವನ್ನು ಗುರುತು ಹಾಕಿಕೊಳ್ಳಿ: ನವೆಂಬರ್ 25. ಎರಡನೇ ಮಹಾಯುದ್ಧ ನಡೆಯುತ್ತಿದ್ದ 1944ರಲ್ಲಿ ಅದು ಶನಿವಾರ. ಆಗ್ನೇಯ ಲಂಡನ್ನಿನ ನ್ಯೂ ಕ್ರಾಸ್ ರಸ್ತೆಯ ವುಲ್ವರ್ತ್ಸ್ ಅಂಗಡಿಗೆ ಅಡುಗೆಯ ಪಾತ್ರೆಗಳು ಬಂದಿವೆಯೆಂಬ ಸುದ್ದಿ ಹಬ್ಬಿ ಜನ ಸಾಲು ನಿಂತಿದ್ದರು. ಮಧ್ಯಾಹ್ನ 12 ಗಂಟೆ 26 ನಿಮಿಷಕ್ಕೆ ಜರ್ಮನಿಯ ವಿ-2 ರಾಕೆಟ್ ಬಿತ್ತು. ಅದು ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದುದರಿಂದ ಸದ್ದು ಕೇಳಿ ಓಡುವ ಮಾತೇ ಇರಲಿಲ್ಲ. 168 ಮಂದಿ ಸತ್ತರು.

ರಾಕೆಟ್ಟಿನ ಬಗ್ಗೆ ಇಷ್ಟು ಸಾಕು. ಅದರ ಉದ್ದ, ತೂಕ ಬಲ್ಲವರು ಬೇಕಾದಷ್ಟಿದ್ದಾರೆ. ಆ ಸಾಲಿನಲ್ಲಿದ್ದ ಒಬ್ಬರ ಹೆಸರನ್ನಾದರೂ ಬಲ್ಲವರು ನನಗೆ ಹೆಚ್ಚು ಸಿಕ್ಕಿಲ್ಲ.

ಹೆಸರುಗಳಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಅಂತರ್ಜಾಲ ಪಟ್ಟಿಯನ್ನು ನೋಡಿ. ಯುದ್ಧದಲ್ಲಿ ಸತ್ತ ನಾಗರಿಕರ ವಿಭಾಗದಲ್ಲಿ ಡೆಪ್ಟ್‌ಫರ್ಡ್ (ನ್ಯೂ ಕ್ರಾಸ್ ಆಗ ಸೇರಿದ್ದ ಆಡಳಿತ ಪ್ರದೇಶ) ಎಂದೂ ಆ ದಿನಾಂಕವನ್ನೂ ಕೊಟ್ಟು ಹುಡುಕಬೇಕು. ಹೆಸರಿನ ಜೊತೆಗೆ ಸಾಮಾನ್ಯವಾಗಿ ವಯಸ್ಸು, ಮನೆಯ ವಿಳಾಸ, ಯಾರ ಮಗಳು, ಯಾರ ಗಂಡ ಎಂಬುದೂ ಇರುತ್ತದೆ. ಒಂದೇ ವಿಳಾಸ ಎರಡು ಸಲ ಬಂದರೆ ಅಲ್ಲಿ ತಡೆಯಿರಿ. ಅದು ತಾಯಿ ಮತ್ತು ಮಗುವಾಗಿರಬಹುದು.

ಬದುಕಿ ಉಳಿದವರ ಜೊತೆ ಮಾತನಾಡುವುದೇ ಎಲ್ಲಕ್ಕಿಂತ ಕಷ್ಟ. ನಾನು ಕೆಲಸಕ್ಕಿದ್ದ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿಯಿದ್ದರು. ಅವರಿಗೆ ಏಳು ವರ್ಷವಿದ್ದಾಗ ಆ ಅಂಗಡಿಗೆ ಹೋದ ತಾಯಿ ಹಿಂತಿರುಗಲಿಲ್ಲ. ನಾನು ತಿಳಿಯದೆ, "ಸದ್ದು ಹೇಗಿತ್ತು?" ಎಂದು ಕೇಳಿಬಿಟ್ಟೆ. ಅವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು. ವಾರ ಬಿಟ್ಟು, "ಅಮ್ಮ ಏನು ಅಡುಗೆ ಮಾಡುತ್ತಿದ್ದರು?" ಎಂದು ಕೇಳಿದಾಗ ಒಂದು ಗಂಟೆ ಮಾತನಾಡಿದರು. ಮನೆಯ ಪಾತ್ರೆಯ ಹಿಡಿಕೆ ಸಡಿಲವಾಗಿ, ಅಮ್ಮ ಅದಕ್ಕೆ ಬಟ್ಟೆ ಸುತ್ತಿ ಇಳಿಸುತ್ತಿದ್ದರಂತೆ. ಹೊಸದನ್ನು ತರಲು ಹೊರಟಿದ್ದೇ ಅದಕ್ಕಾಗಿ. ಹೇಳುವಾಗ ಅಜ್ಜಿಯ ಬಲಗೈ ಇಲ್ಲದ ಹಿಡಿಕೆಯನ್ನು ಹಿಡಿದಿತ್ತು. ಹೀಗೆ ಅಡುಗೆ, ಬಟ್ಟೆ, ಜಗಳ, ಹಾಡು ಕೇಳಿ. ಆ ಗಳಿಗೆಗೆ ಅವರೇ ಬರುತ್ತಾರೆ. ಬರದಿದ್ದರೆ ಒತ್ತಾಯ ಬೇಡ.

ಪಟ್ಟಿಯಲ್ಲಿಲ್ಲದವರನ್ನೂ ಸೇರಿಸಿಕೊಳ್ಳಿ. ವಿ-2 ಜೋಡಿಸಿದ್ದು ಜರ್ಮನಿಯಲ್ಲಿ ನಾಜಿಗಳು ನಡೆಸುತ್ತಿದ್ದ ಮಿಟೆಲ್‌ಬಾವ್-ಡೋರಾ ಸೆರೆಶಿಬಿರದ ಕೈದಿಗಳ ಕೈಯಲ್ಲಿ. ಆ ಶಿಬಿರದಲ್ಲೂ ಅದರ ಉಪಶಿಬಿರಗಳಲ್ಲೂ ಸುಮಾರು 20,000 ಮಂದಿ ಸತ್ತರು. ಅವರನ್ನು ಬಿಟ್ಟು ಈ ದಿನ ಪೂರ್ತಿಯಾಗದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲಂಡನ್ನಿನಲ್ಲಿದ್ದರೆ ಸ್ಥಳಕ್ಕೇ ಹೋಗಿ. ಅಲ್ಲಿ ಈಗಲೂ ಅಂಗಡಿಯಿದೆ, ಗೋಡೆಯಲ್ಲಿ ಸ್ಮಾರಕ ಫಲಕವಿದೆ. ಚೀಲ ಹಿಡಿದು ಬರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತು, ಹೆಸರನ್ನೂ ವಯಸ್ಸನ್ನೂ ಮೆಲ್ಲಗೆ ಓದಿ. 168 ಹೆಸರುಗಳಿಗೆ ಕಾಲು ಗಂಟೆ ಬೇಕು, ಅವಸರ ಮಾಡಬೇಡಿ.

ಊರಿನಲ್ಲಿದ್ದರೆ, ಲಂಡನ್ನಿನ 12 ಗಂಟೆ 26 ನಿಮಿಷಕ್ಕೆ ಅಲ್ಲಿ ಸಂಜೆ 5 ಗಂಟೆ 56 ನಿಮಿಷ, ದೇವರ ಮುಂದೆ ದೀಪ ಹಚ್ಚುವ ಹೊತ್ತು. ಶಿವಮೊಗ್ಗದಲ್ಲಿರುವ ಅಮ್ಮನಿಗೆ ಪ್ರತಿ ವರ್ಷ ಐದು ಹೆಸರುಗಳನ್ನು ಕನ್ನಡದಲ್ಲಿ ಬರೆದು ಕಳುಹಿಸುತ್ತೇನೆ. ಉಚ್ಚಾರ ತಪ್ಪಬಾರದೆಂದು ಹಿಂದಿನ ದಿನವೇ ಫೋನ್ ಮಾಡಿ ಒಂದೊಂದನ್ನೂ ನನ್ನಿಂದ ಹೇಳಿಸಿಕೊಳ್ಳುತ್ತಾರೆ.